ಕೆಟ್ಟದ್ದನ್ನೇ ಆರಿಸಿದೆವು

ಈ ಗೋದಾಮಿನಲ್ಲಿ ಮೊದಲು ಬೆಲ್ಲವಿತ್ತು.
ಮೂರು ಸಲ ಸುಣ್ಣ ಬಳಿದರೂ
ಏಸಿ ನಿಂತ ಮಧ್ಯಾಹ್ನ ಗೋಡೆ ಘಮ್ಮೆನ್ನುತ್ತದೆ.
ನಲವತ್ತೆಂಟು ಸರ್ವರುಗಳ ಅಡಿಯಲ್ಲಿ
ಇರುವೆಗಳು ಇನ್ನೂ
ಹಳೆಯ ವಿಳಾಸ ಹಿಡಿದೇ ಬರುತ್ತವೆ.

ಕ್ಲೌಡ್ ಅಂದರೆ ಮೋಡ ಅಂತ
ಮೊದಲ ಸಭೆಯಲ್ಲಿ ಯಾರೋ ಬಿಡಿಸಿ ಹೇಳಿದರು.
ಏಪ್ರಿಲ್ ತಿಂಗಳು. ಮಂಡ್ಯದಲ್ಲಿ
ಆ ಪದವನ್ನು ಹಾಗೆ ಸುಮ್ಮನೆ ಆಡಬಾರದು;
ಮೂವರು ಕಿಟಕಿಯ ಕಡೆ ನೋಡಿದರು.

ಭತ್ತದ ತಳಿಗಳ ವಂಶಾವಳಿ ಓದಬೇಕು,
ನಾಲೆಯ ನಾಳೆಯನ್ನು ಇಂದೇ ಲೆಕ್ಕ ಹಾಕಬೇಕು.
ಕಬ್ಬಿಣ ಬಂದು ಕೂತಿತ್ತು. ಹಂಚುವವರು ಯಾರು?
ಯಾರ ಲೆಕ್ಕ ಮೊದಲು, ಯಾರದು ಕಾಯಲಿ,
ಯಾರಿಗೆ ಎಷ್ಟು ಗಂಟೆ?
ಆ ಮೇಸ್ತ್ರಿಯನ್ನು ಆರಿಸಲು ಒಂದು ಕಮಿಟಿ,
ಕಮಿಟಿಗೆ ಬೋಂಡ, ಮತ್ತೆ ನಾಲ್ಕು ಸಭೆ.

ಕಂಪನಿಯವನು ಬಂದ. ಒಳ್ಳೆಯವನೇ.
"ಎಲ್ಲ ನಾವೇ ನೋಡಿಕೊಳ್ತೀವಿ" ಅಂದ.
"ಒಳಗೇನಿದೆ?" ಕೇಳಿದಳು ರುಬೀನಾ.
ನಕ್ಕ.
ಆ ನಗುವಿಗೆ ವರ್ಷಕ್ಕೆ ಹದಿನೆಂಟು ಲಕ್ಷ.

ಉಳಿದವು ಮೂರು, ಮೂರೂ ತೆರೆದವು,
ಯಾರೂ ಬಿಚ್ಚಬಹುದು, ಹೊಲಿಯಬಹುದು.
ಒಂದೊಂದಕ್ಕೂ ಅದೇ ತಳಿ, ಅದೇ ಲೆಕ್ಕ ಕೊಟ್ಟೆವು.
ಬರೀ ಕಬ್ಬಿಣದ ಮೇಲೆ ನಲವತ್ತೊಂದು ನಿಮಿಷ;
ನಡುವೆ ಮೋಡ ಹಾಸಿದರೆ
ನಲವತ್ತಾರು, ನಲವತ್ನಾಲ್ಕು.
ಆ ಮೂರು, ಆ ಐದು ನಿಮಿಷ ಎಲ್ಲಿ ಹೋಯಿತೆಂದು
ನಾನು ತಲೆ ಕೆರೆದುಕೊಂಡರೆ
ಜನರೇಟರಿನ ಹೊಂಬಾಳಯ್ಯ ಬೀಡಿ ಆರಿಸಿ ಅಂದ:
"ಮಣ್ಣು ಕಾಲ್ವೆ ತಾನೂ ಒಸಿ ಕುಡೀದೆ ಬುಡ್ತದಾ ಮೇಡಮ್?"

ಮೂರನೆಯದು
ಬುಧವಾರ ರಾತ್ರಿ ಎರಡೂಹತ್ತಕ್ಕೆ ಕೆಟ್ಟಿತು.
ಫ್ಯಾನುಗಳು ಒಂದೊಂದಾಗಿ ದನಿ ತಗ್ಗಿಸಿದವು,
ಸಾವಿನ ಮನೆಗೆ ಹೊಸಬರು ಬಂದಾಗಿನಂತೆ.
ಟಾರ್ಚು, ಫ್ಲಾಸ್ಕು ಹಿಡಿದು ಹೊಂಬಾಳಯ್ಯ.
"ಕೆಟ್ಟೋಯ್ತಾ?"
"ಕೆಟ್ಟಿತು."
"ಬಿಚ್ಚಿ ನೋಡಕ್ಕಾಯ್ತದಾ?"

ಆಗುತ್ತಿತ್ತು. ಅದೇ ತಾನೇ.
ರುಬೀನಾ ಸಾಲು ಸಾಲು ಇಳಿದಳು,
ಬಾವಿಗೆ ಇಳಿದ ಹಾಗೆ, ಕಾಲಲ್ಲಿ ಮೆಟ್ಟಿಲು ತಡವುತ್ತ.
ಎಲ್ಲೋ ಆಳದಲ್ಲಿ ಯಾರೋ, ಯಾವ ದೇಶದವರೋ,
ಬರೆದಿಟ್ಟಿದ್ದರು:
ಇಲ್ಲಿ ಎಚ್ಚರ. ಯಾಕೆಂದು ನನಗೂ ಸರಿಯಾಗಿ ತಿಳಿದಿಲ್ಲ.
ಆ ಸಾಲು ಓದಿ ನನಗೆ ಯಾಕೋ
ಒಂಟಿ ಅನ್ನಿಸಲಿಲ್ಲ.

ತಪ್ಪು ಸಣ್ಣದು. ದೊಡ್ಡ ಲೆಕ್ಕ ಬಂದಾಗಲೆಲ್ಲ
ಸಣ್ಣದು ಹಿಂದೆ, ಮತ್ತೂ ಹಿಂದೆ.
ಪಾಂಡವಪುರದ ಹುಡುಗಿಯೊಬ್ಬಳ ಹತ್ತು ನಿಮಿಷದ ಕೆಲಸ
ಹನ್ನೊಂದು ಗಂಟೆಯಿಂದ ಬಾಗಿಲಲ್ಲಿ ನಿಂತಿತ್ತು.
ಸರದಿ ಎಣಿಸುವ ಅಂಕಿಯೇ ತುಂಬಿ ಒಡೆದಿತ್ತು.

ಹೊಂಬಾಳಯ್ಯನ ಅಪ್ಪ ನೀರುಗಂಟಿ.
ಪರದೆಯಲ್ಲಿ ಅವನಿಗೆ ಒಂದಕ್ಷರ ತಿಳಿಯದು.
ಚಹಾ ಬಗ್ಗಿಸುತ್ತ ಸುಮ್ಮನೆ ಹೇಳಿದ:
"ನಮ್ಮಪ್ಪ ಯೋಳೋನು, ಮೇಲ್ಗದ್ದೆಯೋನು
ಬಾಯಲ್ಲಿ ಕೇಳ್ತಾನೆ. ಕೊನೆಗದ್ದೆಯೋನು
ನಿಂತ್ಕಂಡು ಕೇಳ್ತಾನೆ. ನಿಂತಿರೋನ್ನ ನೋಡ್ಬೇಕು ಅಂತ."
ಆಮೇಲೆ ಸಕ್ಕರೆ ಕಡಿಮೆಯಾಯಿತಾ ಅಂತ ಕೇಳಿದ.

ನಾಲ್ಕೂವರೆಗೆ ಒಂದು ಸಾಲು ತಿದ್ದಿದೆವು.
ಫ್ಯಾನುಗಳು ಎದ್ದವು.
ಮೊದಲು ಪಾಂಡವಪುರ.

ಕೊನೆಯ ಸಭೆ. ಪ್ರೊಫೆಸರ್ ನಂಜರಾಜೇ ಅರಸರು
ವರದಿಯನ್ನು ಎರಡು ಸಲ ಓದಿದರು.
"ಮೂರರಲ್ಲಿ ಕೆಟ್ಟದ್ದನ್ನೇ ಆರಿಸಿದ್ದೀರಿ?"
"ಹೌದು ಸಾರ್. ಉಳಿದೆರಡು ಇನ್ನೂ ಕೆಟ್ಟಿಲ್ಲ.
ಹೇಗೆ ಕೆಡುತ್ತವೋ ಗೊತ್ತಿಲ್ಲ."
ಕನ್ನಡಕ ತೆಗೆದರು. ಆರಿದ ಬೋಂಡ ಮುರಿದರು.
ಸಹಿಯ ಮೇಲೆ ಬರೆದರು: ನಿಮ್ಮ ಜವಾಬ್ದಾರಿ.

ಸರಿಯಾಗಿಯೇ ಬರೆದರು. ಈಗ ರಾತ್ರಿ ಕೆಟ್ಟರೆ
ಬೈಯಲು ಯಾವ ಕಂಪನಿಯೂ ಇಲ್ಲ,
ಎದ್ದು ಚಪ್ಪಲಿ ಹುಡುಕಬೇಕು ನಾನೇ.

ತಿದ್ದಿದ ಸಾಲನ್ನು ಎಲ್ಲರಿಗೂ ಸಿಗುವಂತೆ ಕಳಿಸಿದೆವು.
ಅಪರಿಚಿತನ ಎಚ್ಚರದ ಕೆಳಗೆ ರುಬೀನಾ
ಕಾರಣ ಸೇರಿಸಿದಳು, ತಿಳಿದಷ್ಟು.
ಇರುವೆಗಳ ವಿಷಯ
ವರದಿಯಲ್ಲಿ ಬರೆದಿಲ್ಲ.